ಹನ್ನೊಂದು ಮೀಟರಿನ ಮನೆ

ಕೊಡಿಗೇಹಳ್ಳಿಯಲ್ಲಿ ನರಸಿಂಹಯ್ಯನವರ ಮನೆ ಎಲ್ಲಿ ಎಂದು ಕೇಳಿದರೆ ಯಾರೂ ಕ್ರಾಸು, ನಂಬರು ಹೇಳುವುದಿಲ್ಲ. 'ಹನ್ನೊಂದು ಮೀಟರಿನ ಮನೆ' ಎಂದು ಕೈ ತೋರಿಸುತ್ತಾರೆ. ಗೇಟು ದಾಟಿದ ಕೂಡಲೇ ಎಡಗಡೆಯ ಗೋಡೆಯಲ್ಲಿ ಕರೆಂಟಿನ ಹನ್ನೊಂದು ಮೀಟರುಗಳು ಸಾಲಾಗಿವೆ. ಹತ್ತು ಬಾಡಿಗೆದಾರರವು, ಒಂದು ಮನೆಯವರದು. ನರಸಿಂಹಯ್ಯನವರ ಅಪ್ಪ ಮುನಿಗಂಗಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ರಸ್ತೆಗೆ ಹೋದದ್ದು ಹೋಗಿ, ದಾಯಾದಿಗಳ ಪಾಲಿಗೆ ಹೋದದ್ದು ಹೋಗಿ ಉಳಿದದ್ದು ಇದೊಂದು ಸೈಟು. ಅದರ ಮೇಲೆ ಅವರು ಇಪ್ಪತ್ತು ವರ್ಷದಿಂದ ಅಂತಸ್ತಿನ ಮೇಲೆ ಅಂತಸ್ತು ಎತ್ತುತ್ತ ಬಂದಿದ್ದಾರೆ.

ಪ್ರತಿ ಅಂತಸ್ತು ಏಳುವಾಗಲೂ ಮನೆಯಲ್ಲಿ ಒಂದು ಮಾತು ತಪ್ಪದೆ ಬರುತ್ತಿತ್ತು: ಮೇಲಿನ ಮೂಲೆ ರೂಮು ಮಂಜುಗೆ. ಮಂಜುಶ್ರೀ ಅವರ ಒಬ್ಬಳೇ ಮಗಳು. ಮೊದಲ ಅಂತಸ್ತು ಎದ್ದಾಗ ಅವಳು ಎರಡನೇ ಕ್ಲಾಸು. ಗೋಡೆಯ ಬಣ್ಣ ಆರುವ ಮೊದಲೇ ಗೋಪಾಲಮ್ಮ ಎಂಬ ನರ್ಸು ಒಂದು ಟ್ರಂಕು, ಒಂದು ಗ್ಯಾಸ್ ಸ್ಟವ್ ಇಟ್ಟುಕೊಂಡು ಗೇಟಿನಲ್ಲಿ ನಿಂತಿದ್ದರು. ಒಂಟಿ ಹೆಂಗಸಿಗೆ ಮನೆ ಕೊಡುವುದಿಲ್ಲವೆಂದು ನಾಲ್ಕು ಕಡೆ ವಾಪಸು ಕಳಿಸಿದ್ದರಂತೆ. ಎರಡನೇ ಅಂತಸ್ತು ಮುಗಿದಾಗ ಮಂಜು ಎಂಟನೇ ಕ್ಲಾಸು. ಆಗ ಬಂದವರು ಏಸಿ ರಿಪೇರಿ ಮಾಡುವ ಜೀಷಾನ್ ಮತ್ತು ಅವನ ಹೆಂಡತಿ. ಹೆಸರು ಕೇಳಿದ ಕೂಡಲೇ ಗೇಟು ಹಾಕಿಕೊಂಡವರನ್ನು ಎಣಿಸಿ ಎಣಿಸಿ ಅವನಿಗೆ ಸಾಕಾಗಿತ್ತು. ಮೂರನೇ ಅಂತಸ್ತಿನ ಕಥೆಯೂ ಬೇರೆಯಲ್ಲ, ಹೇಳುತ್ತ ಕೂತರೆ ಹೊತ್ತಾಗುತ್ತದೆ.

ನರಸಿಂಹಯ್ಯನವರಿಗೆ ಇಲ್ಲ ಎನ್ನಲು ಬಾರದು. ಇದನ್ನು ಅವರ ದೊಡ್ಡ ಗುಣ ಎನ್ನಬೇಕೋ ದೊಡ್ಡ ದೋಷ ಎನ್ನಬೇಕೋ ಎಂಬುದನ್ನು ಅವರ ಹೆಂಡತಿ ಕಲಾವತಿ ಮದುವೆಯಾಗಿ ಇಷ್ಟು ವರ್ಷವಾದರೂ ತೀರ್ಮಾನಿಸಿಲ್ಲ. ಬೇರೆ ಓನರುಗಳು ಜಾತಿ ಕೇಳುತ್ತಾರೆ, ಅಡುಗೆ ಕೇಳುತ್ತಾರೆ, ಮನೆಗೆ ಎಷ್ಟು ಜನ ನೆಂಟರು ಬರುತ್ತಾರೆ ಎಂದು ಕೇಳುತ್ತಾರೆ. ಇವರು ಬಂದವರ ಮುಖ ನೋಡಿ, ಊಟ ಆಯಿತಾ ಎಂದು ಕೇಳಿ, ಬೀಗದ ಕೈ ಹುಡುಕಲು ಒಳಗೆ ಹೋಗುತ್ತಾರೆ. ಅಷ್ಟೇ ಅವರ ವಿಚಾರಣೆ.

ಹೀಗಾಗಿ ಓನರ್ ಮನೆ ಎನ್ನುವುದು ನೆಲ ಅಂತಸ್ತಿನ ಹಿಂಭಾಗದಲ್ಲೇ ಉಳಿಯಿತು. ಒಂದು ಹಾಲು, ಒಂದು ಅಡುಗೆಮನೆ, ಅಪ್ಪ ಅಮ್ಮನ ಒಂದು ಕೋಣೆ. ಹಾಲಿನಲ್ಲಿ ಅಜ್ಜಿ ಮುನಿವೆಂಕಟಮ್ಮನ ಮಂಚ. ಮಂಚದ ಪಕ್ಕ ನೆಲದ ಮೇಲೆ ಮಂಜುವಿನ ಹಾಸಿಗೆ. ಬೆಳಿಗ್ಗೆ ಎದ್ದರೆ ಅದನ್ನು ಸುತ್ತಿ ಅಟ್ಟಕ್ಕೆ ಹಾಕಬೇಕು, ಯಾಕೆಂದರೆ ಏಳು ಗಂಟೆಗೆಲ್ಲ ನೀರು ಬರಲಿಲ್ಲ, ಮೋಟಾರು ಹಾಕಿ ಎನ್ನುತ್ತ ಬಾಡಿಗೆದಾರರು ಒಳಗೆ ಬರುತ್ತಾರೆ. ಮಂಜು ಇದಕ್ಕಾಗಿ ಒಂದು ದಿನವೂ ಮುಖ ಸಪ್ಪೆ ಮಾಡಿಕೊಂಡವಳಲ್ಲ. ಕೇಳಿದ್ದರೆ ಕೊಡುತ್ತಿದ್ದರೇನೋ, ಆದರೆ ಅವಳಿಗೆ ಕೇಳಬಹುದು ಎನ್ನುವುದೇ ಹೊಳೆದಿರಲಿಲ್ಲ.

ತನಗೂ ಒಂದು ಜಾಗ ಬೇಕು ಎಂದು ಹೊಳೆದದ್ದು ಆರ್ಕಿಟೆಕ್ಚರ್ ಸೀಟು ಸಿಕ್ಕಿದ ಮೇಲೆ. ಯೂನಿವರ್ಸಿಟಿ ಚಿಕ್ಕಜಾಲದಿಂದಲೂ ಒಂದಿಷ್ಟು ಒಳಗೆ, ಮನೆಯಿಂದ ಹದಿನೇಳು ಕಿಲೋಮೀಟರು. ಮೊದಲ ವಾರವೇ ನಾಲ್ಕು ಅಡಿ ಉದ್ದದ ಡ್ರಾಯಿಂಗ್ ಬೋರ್ಡು ಕೊಳ್ಳಲು ಹೇಳಿದರು. ಬೋರ್ಡು ಮನೆಗೆ ಬಂದ ದಿನ ಅದನ್ನು ಹಾಲಿನಲ್ಲಿಟ್ಟರೆ ಅಜ್ಜಿ ಮಂಚದಿಂದ ಇಳಿಯುವಂತಿಲ್ಲ, ಅಡುಗೆಮನೆಯಲ್ಲಿಟ್ಟರೆ ಅಮ್ಮ ಒಳಗೆ ಹೋಗುವಂತಿಲ್ಲ. ಕ್ಲಾಸಿನ ಸ್ಟುಡಿಯೋ ಸಂಜೆ ಎಂಟರ ತನಕ ನಡೆಯುತ್ತದೆ, ಹೈವೇಗೆ ಬರುವ ಕ್ಯಾಂಪಸ್ ಬಸ್ಸು ಆರಕ್ಕೇ ಹೊರಟುಬಿಡುತ್ತದೆ. ಎರಡು ವಾರದಲ್ಲಿ ಮೂರು ಡ್ರಾಯಿಂಗು ಅರ್ಧಕ್ಕೆ ನಿಂತವು. ಹೀಗೇ ಆದರೆ ಮೊದಲ ಸೆಮಿಸ್ಟರಿನಲ್ಲೇ ಹಿಂದೆ ಬೀಳುತ್ತೀಯ ಎಂದು ಮೇಷ್ಟ್ರು ನೇರವಾಗಿ ಹೇಳಿದರು. ಹಾಸ್ಟೆಲ್ ಸಿಗದಿದ್ದರೆ ಈ ಕೋರ್ಸು ತನ್ನಿಂದ ಆಗುವುದಿಲ್ಲ ಎಂದು ಮಂಜುವಿಗೆ ಖಾತ್ರಿಯಾಯಿತು.

ಅರ್ಜಿ ಆನ್‌ಲೈನಿನಲ್ಲಿತ್ತು. ವಿಳಾಸದ ದಾಖಲೆಗೆ ಒಂದು ಕರೆಂಟ್ ಬಿಲ್ಲು ಸಾಕು ಎಂದಿತ್ತು.

"ಒಂದು ಕೊಟ್ರೆ ನಾಳೆ ಇನ್ನೊಂದು ತತ್ತಾ ಅಂತಾರೆ," ಎಂದರು ನರಸಿಂಹಯ್ಯ. "ನಾನು ನೋಡದೆ ಇರೋ ಆಫೀಸಾ? ಎಲ್ಲಾ ಒಟ್ಟಿಗೆ ಹಾಕ್ಬುಡು. ನೋಡಿದ ತಕ್ಷಣ, ಇವ್ರು ಊರಿನ ಮರ್ಯಾದಸ್ತ ಜನ ಅಂತ ಗೊತ್ತಾಗ್ಬೇಕು."

ಮೊಬೈಲು ಅವರ ಕೈಯಲ್ಲೇ ಇತ್ತು. ಹನ್ನೊಂದು ಮೀಟರಿನ ಹನ್ನೊಂದು ಬಿಲ್ಲು, ಮನೆ ಖಾತೆಯ ಪ್ರತಿ, ತೆರಿಗೆ ಕಟ್ಟಿದ ರಸೀದಿ, ಎಲ್ಲವನ್ನೂ ಫೋಟೋ ತೆಗೆದು ಹಾಕಿದರು. ಜೀವಮಾನವಿಡೀ ಕಚೇರಿಗಳಿಗೆ ಜಮೀನಿನ ಕಾಗದ ಹಿಡಿದು ಓಡಾಡಿದ ಮನುಷ್ಯ, ಕಾಗದ ಹೆಚ್ಚಿದಷ್ಟೂ ಕೆಲಸ ಸಲೀಸು ಎಂದು ನಂಬಿದ್ದರು. ಮಂಜುವೂ ಅಪ್ಪನಿಗಿಂತ ತನಗೆ ಹೆಚ್ಚು ಗೊತ್ತೇ ಎಂದುಕೊಂಡು ಸಬ್ಮಿಟ್ ಒತ್ತಿದಳು.

ನಾಲ್ಕನೇ ದಿನ ಉತ್ತರ ಬಂತು. ಅರ್ಜಿದಾರರ ಕುಟುಂಬಕ್ಕೆ ಕ್ಯಾಂಪಸ್ಸಿನಿಂದ ಇಪ್ಪತ್ತು ಕಿಲೋಮೀಟರಿನ ಒಳಗೆ ಹನ್ನೊಂದು ವಾಸದ ಮನೆಗಳಿರುವುದರಿಂದ ಅರ್ಜಿಯನ್ನು ತಿರಸ್ಕರಿಸಲಾಗಿದೆ.

ನರಸಿಂಹಯ್ಯ ಅದನ್ನು ಎರಡು ಸಲ ಓದಿಸಿ ಕೇಳಿದರು. "ಲೆಕ್ಕ ಸರಿಯಾಗೇ ಹಾಕವ್ರೆ," ಎಂದರು. ಆಮೇಲೆ ಮಗಳ ಮುಖ ನೋಡಿದರು.

ಮರುದಿನ ಮಂಜು ಹಾಸ್ಟೆಲ್ ಕಚೇರಿಗೆ ಹೋಗಿ ವಾರ್ಡನ್ ಆಶಾರಾಣಿ ಮೇಡಂ ಮುಂದೆ ನಿಂತಳು. ಐವತ್ತು ದಾಟಿದ ಹೆಂಗಸು, ಕನ್ನಡಕದ ಮೇಲಿನಿಂದ ನೋಡುವ ಅಭ್ಯಾಸ. ಮಂಜು ಹೇಳಿದ್ದನ್ನೆಲ್ಲ ಕೇಳಿ, ತಿರಸ್ಕಾರವಾದ ಅರ್ಜಿ ತೆರೆದು, ಹನ್ನೊಂದು ಬಿಲ್ಲುಗಳನ್ನು ಒಂದೊಂದಾಗಿ ನೋಡಿದರು.

"ಹನ್ನೊಂದು ಮನೆ ಇದ್ದು ನಿನಗೊಂದು ರೂಮಿಲ್ಲ ಅಂದ್ರೆ ಯಾರಮ್ಮ ನಂಬ್ತಾರೆ?"

"ನಿಜ ಮೇಡಂ."

"ನಿಜ ಇರಬಹುದು. ನಾನು ನೋಡದೆ ಬರೆಯೋಕಾಗಲ್ಲ. ಓದೋಕೆ ಮನೇಲಿ ಜಾಗ ಇಲ್ಲ ಅಂತ ಖಾತ್ರಿಯಾದ್ರೆ ಹತ್ತಿರದವರಿಗೂ ಕೊಡಬಹುದು ಅಂತ ರೂಲ್ ಇದೆ. ಭಾನುವಾರ ಬರ್ತೀನಿ. ಮಂಗಳವಾರ ಲಿಸ್ಟ್ ಕ್ಲೋಸ್ ಆಗುತ್ತೆ."

ಭಾನುವಾರ ಅತಿಥಿ ಬರುತ್ತಾರೆ ಎಂದರೆ ಕಲಾವತಿ ಶನಿವಾರವೇ ಸೆರಗು ಸಿಕ್ಕಿಸಿಕೊಂಡರು. ಮನೆ ನೋಡಲು ಬರುವವರೆಂದರೆ ಆ ಮನೆಯಲ್ಲಿ ಒಂದೇ ಅರ್ಥ: ಎಲ್ಲವೂ ಖಾಲಿಯಾಗಿ, ಸ್ವಚ್ಛವಾಗಿ, ದೊಡ್ಡದಾಗಿ ಕಾಣಬೇಕು. ಹತ್ತು ಮನೆಗಳನ್ನು ತೊಳೆದು ಬಳಿದು ತೋರಿಸಿದ ಕೈ ಅದು. ಮಂಜುವಿನ ಹಾಸಿಗೆ ಅಟ್ಟಕ್ಕೆ ಹೋಯಿತು. ಪುಸ್ತಕಗಳು ಗೋಪಾಲಮ್ಮನ ಮನೆ ಸೇರಿದವು. ಬಟ್ಟೆ ಅಜ್ಜಿಯ ಪೆಟ್ಟಿಗೆಗೆ, ಚಪ್ಪಲಿ ಮಂಚದ ಕೆಳಗೆ, ಡ್ರಾಯಿಂಗ್ ಬೋರ್ಡು ತಾರಸಿಯ ಟ್ಯಾಂಕಿನ ಹಿಂದೆ. ಮಂಜುವೂ ಅಮ್ಮನ ಜೊತೆ ಓಡಾಡಿ ಎತ್ತಿಟ್ಟಳು, ತನ್ನನ್ನೇ ತಾನು ಎತ್ತಿಡುತ್ತಿದ್ದೇನೆ ಎನ್ನುವುದು ಅವಳ ತಲೆಗೆ ಬರಲಿಲ್ಲ.

ಆಶಾರಾಣಿ ಮೇಡಂ ಹನ್ನೊಂದು ಗಂಟೆಗೆ ಆಟೋದಲ್ಲಿ ಇಳಿದರು. ನರಸಿಂಹಯ್ಯ ಇಸ್ತ್ರಿ ಮಾಡಿದ ಬಿಳಿ ಷರಟು ಹಾಕಿಕೊಂಡು ಗೇಟಿನಲ್ಲೇ ಕಾದಿದ್ದರು. ಅಭ್ಯಾಸಬಲ ನೋಡಿ, ಮೇಡಂ ಒಳಗೆ ಕಾಲಿಟ್ಟರೋ ಇಲ್ಲವೋ ಶುರು ಮಾಡಿಬಿಟ್ಟರು.

"ಈ ಕಡೆಯಿಂದ ಬನ್ನಿ ಮೇಡಂ. ಇಪ್ಪತ್ನಾಲ್ಕು ಗಂಟೆ ನೀರು. ಬೋರ್ ಬೇರೆ, ಕಾವೇರಿ ಬೇರೆ. ಗಾಳಿ ನೋಡಿ, ಫ್ಯಾನೇ ಬ್ಯಾಡ."

"ನಾನು ಬಾಡಿಗೆಗೆ ಬಂದಿಲ್ಲ ನರಸಿಂಹಯ್ಯನವರೇ," ಎಂದರು ಮೇಡಂ, ನಗದೆಯೇ.

ಹಾಲಿಗೆ ಬಂದು ಕೂತರು, ಕಾಫಿ ಕುಡಿದರು, ಸುತ್ತ ನೋಡಿದರು. ಗೋಡೆಗೆ ಒರಗಿ ಗೋಪಾಲಮ್ಮ ನಿಂತಿದ್ದರು. ಕೆಟ್ಟುಹೋದ ಸ್ವಿಚ್ಚು ನೋಡುವ ನೆಪದಲ್ಲಿ ಜೀಷಾನ್ ಬಾಗಿಲಲ್ಲಿದ್ದ. ಈ ಮನೆಯಲ್ಲಿ ಓನರ್ ಮನೆ ವಿಷಯ, ಬಾಡಿಗೆದಾರರ ವಿಷಯ ಎಂದು ಬೇರೆ ಬೇರೆ ಇರಲಿಲ್ಲ.

"ಮನೆ ಚೆನ್ನಾಗಿದೆ," ಎಂದರು ಆಶಾರಾಣಿ. "ಇದರಲ್ಲಿ ಮಂಜುಶ್ರೀ ಎಲ್ಲಿರ್ತಾಳೆ?"

ತೋರಿಸಲು ಏನೂ ಇರಲಿಲ್ಲ. ಒಂದು ಪುಸ್ತಕವಿಲ್ಲ, ಒಂದು ದುಪಟ್ಟಾ ಇಲ್ಲ. ಹದಿನೆಂಟು ವರ್ಷದ ಒಂದು ಹುಡುಗಿ ಈ ಮನೆಯಲ್ಲಿದ್ದಾಳೆ ಎನ್ನಲು ಅವಳೇ ಎದುರಿಗೆ ನಿಂತಿದ್ದಳು, ಅಷ್ಟೇ.

ಮೊದಲು ಬಾಯಿ ಬಿಟ್ಟವಳು ಅಜ್ಜಿ. "ಇಲ್ಲೇ ಕಣವ್ವ, ನನ್ ಮಂಚದ ಮಗ್ಗುಲಾಗೆ. ರಾತ್ರಿ ನಂಗೆ ಕೆಮ್ಮು ಬಂದ್ರೆ ಅದೇ ಎದ್ದು ನೀರ್ ಕೊಡೋದು. ಇಂಗೇ ಕೈ ಇಳಿಬಿಟ್ರೆ ತಲೆ ಸಿಗ್ತದೆ."

"ಬೆಳಿಗ್ಗೆ ಅಡುಗೆಮನೇಲಿ ಓದ್ತಾಳೆ," ಎಂದರು ಕಲಾವತಿ. "ಅವ್ಳು ಓದ್ತಾ ಇರೋವಾಗ ನಾನು ಮಿಕ್ಸಿ ಹಾಕಲ್ಲ. ಚಟ್ನಿ ಒಳ್ಳಲ್ಲೇ ರುಬ್ಬೋದು."

"ಎಕ್ಸಾಮ್ ಟೈಮಲ್ಲಿ ನಮ್ಮನೇಲಿರ್ತಾಳೆ," ಎಂದರು ಗೋಪಾಲಮ್ಮ. "ನಂಗೆ ಡೇ ಶಿಫ್ಟ್ ಇದ್ರೆ ಬೀಗ ಅವ್ಳ ಕೈಲೇ. ಪಿಯುಸಿ ಪೂರ್ತಿ ಅಲ್ಲೇ ಓದಿದ್ದು." ಮತ್ತೆ ಸೇರಿಸಿದರು. "ಆ ರೂಮು ಅವ್ಳಿಗೇ ಅಂತ ಕಟ್ಟಿದ್ದಂತೆ. ನಂಗೆ ಆಮೇಲೆ ಗೊತ್ತಾಯ್ತು."

ಜೀಷಾನ್ ಮೇಡಂ ಅವರನ್ನು ತಾರಸಿಗೆ ಕರೆದುಕೊಂಡು ಹೋದ. ಟ್ಯಾಂಕಿನ ನೆರಳಿನಲ್ಲಿ ಅವನೇ ಎಳೆದ ಒಂದು ವೈರು, ಒಂದು ಬಲ್ಬು, ಒಂದು ಪ್ಲಗ್ಗು. ಎರಡು ಸಿಮೆಂಟ್ ಇಟ್ಟಿಗೆ ಕಂಬದ ಮೇಲೆ ಪ್ಲೈವುಡ್ಡು. "ಡ್ರಾಯಿಂಗ್ ಇಲ್ಲಿ ಮೇಡಂ. ಬಿಸಿಲು ಜಾಸ್ತಿ ಅಂತ ಒಂದು ಶೀಟ್ ಹಾಕ್ಬೇಕು ಅನ್ಕೊಂಡಿದ್ದೀನಿ, ಇನ್ನೂ ಆಗಿಲ್ಲ," ಎಂದ, ತಪ್ಪು ತನ್ನದೇ ಎಂಬಂತೆ.

ಮಂಜು ಅವರ ಹಿಂದೆಯೇ ಹತ್ತಿ ಬಂದಿದ್ದಳು. ತನಗೆ ಜಾಗವಿಲ್ಲ, ಜಾಗವಿಲ್ಲ ಎಂದು ಇಷ್ಟು ದಿನ ಒಳಗೊಳಗೇ ಅತ್ತವಳು ಅವಳು. ಈಗ ಒಬ್ಬೊಬ್ಬರೂ ತಮ್ಮ ತಮ್ಮ ಜಾಗದಿಂದ ಅವಳಿಗಾಗಿ ಕೊಟ್ಟ ಚೂರನ್ನು ತೋರಿಸುತ್ತಿದ್ದರು. ಅಮ್ಮ ಮಿಕ್ಸಿ ಹಾಕುವುದಿಲ್ಲ ಎನ್ನುವುದು ಅವಳಿಗೆ ಇವತ್ತಿನ ತನಕ ಗೊತ್ತೇ ಇರಲಿಲ್ಲ, ಒರಳಿನ ಚಟ್ನಿ ಅಜ್ಜಿಗೆ ಇಷ್ಟ ಎಂದುಕೊಂಡಿದ್ದಳು. ಇಷ್ಟು ಜನ ತನ್ನನ್ನು ಓದಿಸಿದ್ದಾರೆ, ತಾನು ಒಬ್ಬರಿಗೂ ಒಂದು ಮಾತು ಹೇಳಿಲ್ಲ ಎಂದು ನಾಚಿಕೆಯಾಯಿತು, ಜೊತೆಗೇ ಮನಸ್ಸು ತುಂಬಿಯೂ ಬಂತು.

ಕೆಳಗಿಳಿದು ಬಂದ ಆಶಾರಾಣಿ ಬ್ಯಾಗಿನಿಂದ ಒಂದು ಹಾಳೆ ತೆಗೆದರು. "ನಾನು ನೋಡಿದ್ದನ್ನ ನಾನು ಬರೀತೀನಿ. ಆದರೆ ಮನೆ ಮಾಲೀಕರು ತಮ್ಮ ಕೈಯಿಂದಲೇ ಬರೆದು ಸಹಿ ಮಾಡಬೇಕು. ನನ್ನ ಸ್ವಂತ ಮನೆಯಲ್ಲಿ ನನ್ನ ಮಗಳಿಗೆ ಪ್ರತ್ಯೇಕ ಕೋಣೆ ಇಲ್ಲ ಅಂತ. ಅದಿಲ್ಲದೆ ಕಮಿಟಿ ಒಪ್ಪಲ್ಲ."

ನರಸಿಂಹಯ್ಯ ಹಾಳೆ ತೆಗೆದುಕೊಂಡರು, ಪೆನ್ನು ತೆಗೆದುಕೊಳ್ಳಲಿಲ್ಲ. ಇಡೀ ಊರಿಗೆ ಮನೆ ಕೊಟ್ಟವರು ಎನ್ನಿಸಿಕೊಂಡ ಮನುಷ್ಯ. ಇಬ್ಬರು ಬಾಡಿಗೆದಾರರ ಎದುರಿಗೆ, ತನ್ನ ಮಗಳಿಗೇ ರೂಮು ಕೊಟ್ಟಿಲ್ಲ ಎಂದು ಬರೆದುಕೊಡುವುದು ಎಂದರೆ! ಕಿವಿ ಕೆಂಪಾಗಿತ್ತು. "ಯೋಚನೆ ಮಾಡಿ ಕಳಿಸ್ತೀನಿ ಮೇಡಂ," ಎಂದಷ್ಟೇ ಹೇಳಿ ಆಟೋ ಕರೆಸಿದರು.

ಆಟೋ ತಿರುಗುವ ತನಕ ನಿಂತು, ಬಾಡಿಗೆದಾರರಿಬ್ಬರೂ ಮೇಲೆ ಹೋದ ಮೇಲೆ ಒಳಗೆ ಬಂದು, "ಬರೆಯಲ್ಲ," ಎಂದರು. "ಅದ್ಯಾಕೆ ಬರೀಬೇಕು? ರೂಮು ತಾನೆ? ನಾನೇ ಕೊಡ್ತೀನಿ. ಜೀಷಾನ್‌ಗೆ ಈಗ್ಲೇ ಹೇಳ್ತೀನಿ, ತಿಂಗಳೊಪ್ಪತ್ತಲ್ಲಿ ಖಾಲಿ ಮಾಡ್ಲಿ."

"ಅಪ್ಪ, ಅವ್ರು ಎಲ್ಲಿಗ್ ಹೋಗ್ತಾರೆ?" ಎಂದಳು ಮಂಜು. "ಮಗೂನ ಈಗ ತಾನೆ ಇಲ್ಲಿ ಎಲ್‌ಕೆಜಿಗೆ ಹಾಕಿದಾರೆ. ನಂಗೆ ಆ ರೂಮ್ ಬೇಡ."

"ನಿಂಗೆ ಬ್ಯಾಡ ಅಂದ್ರೆ ನಂಗೆ ಬೇಕು."

ಇಷ್ಟು ಗಡಸಾಗಿ ಅವರು ಮಾತಾಡಿದ್ದನ್ನು ಆ ಮನೆ ಕೇಳಿರಲಿಲ್ಲ. ಧಡಧಡ ಮೆಟ್ಟಿಲು ಹತ್ತಿದರು. ಮಂಜು ಅಲ್ಲೇ ಮೆಟ್ಟಿಲ ಮೇಲೆ ಕೂತಳು. ತನ್ನ ಒಂದು ಅರ್ಜಿಯಿಂದ ಒಂದು ಸಂಸಾರ ಬೀದಿಗೆ ಬರುವುದಾದರೆ ಆ ಕೋರ್ಸೇ ಬೇಡ, ನಾಳೆಯೇ ಸೀಟು ಬಿಟ್ಟು ಬರುತ್ತೇನೆ ಎಂದು ಮನಸ್ಸಿನಲ್ಲೇ ನಿಶ್ಚಯ ಮಾಡಿದಳು. ಮೇಲಿನಿಂದ ಮಾತು ಕೇಳಿಸಲಿಲ್ಲ. ಕುರ್ಚಿ ಎಳೆದ ಸದ್ದು, ಮಗುವಿನ ನಗು, ಲೋಟದ ಸದ್ದು.

ಅರ್ಧ ಗಂಟೆಯ ಮೇಲೆ ನರಸಿಂಹಯ್ಯ ಇಳಿದು ಬಂದರು. ಕೈಯಲ್ಲಿ ಸವೆದುಹೋದ ಒಂದು ನಲ್ಲಿ ವಾಷರು.

"ಏನಂದ?" ಎಂದು ಕಲಾವತಿ ಕೇಳಿದರು.

"ಅವ್ರ ಬಾತ್‌ರೂಮಿನ ನಲ್ಲಿ ಸೋರ್ತಾ ಐತೆ," ಎಂದರು ನರಸಿಂಹಯ್ಯ. "ಮೂರು ದಿನ ಆಯ್ತಂತೆ, ನಮ್ಗೆ ತೊಂದ್ರೆ ಯಾಕೆ ಅಂತ ಹೇಳಿಲ್ಲ." ವಾಷರನ್ನು ಷರಟಿನ ಜೇಬಿಗೆ ಹಾಕಿಕೊಂಡು ಅಂಗಡಿಯ ಕಡೆ ಹೊರಟರು. ಕಲಾವತಿ ಗಂಡನ ಬೆನ್ನನ್ನು ನೋಡಿ ನಕ್ಕರು. ಆ ಬೆನ್ನಿನ ಮೇಲೆ ಅವರಿಗೆ ಅಷ್ಟು ಪ್ರೀತಿ ಬಂದು ಬಹಳ ದಿನವಾಗಿತ್ತು.

ಸೋಮವಾರವಿಡೀ ನರಸಿಂಹಯ್ಯ ಆ ಹಾಳೆಯ ಮಾತೆತ್ತಲಿಲ್ಲ. ಮಂಜು ಕೇಳಲೂ ಇಲ್ಲ. ಕೇಳಿದರೆ ಅಪ್ಪನ ಮಾನದ ಮೇಲೆ ತನ್ನ ರೂಮು ಕಟ್ಟಿದಂತಾಗುತ್ತದೆ ಎಂದು ಅವಳಿಗೆ ಅನ್ನಿಸಿತು. ಮಂಗಳವಾರ ಬೆಳಿಗ್ಗೆ ಅವಳು ಹಲ್ಲುಜ್ಜಿ ತಾರಸಿಗೆ ಹೋದರೆ ಬೋರ್ಡಿನ ಮುಂದೆ ಅಪ್ಪ ಕೂತಿದ್ದರು. ಕನ್ನಡಕ ಹಾಕಿಕೊಂಡು, ನಾಲಿಗೆಯ ತುದಿ ಕಚ್ಚಿಕೊಂಡು ಬರೆಯುತ್ತಿದ್ದರು. ಸುತ್ತ ಮುದುರಿದ ನಾಲ್ಕೈದು ಹಾಳೆಗಳು. ಮಗಳನ್ನು ಕಂಡು ಮಡಚಿ ಕವರಿಗೆ ಹಾಕಿ ಕೊಟ್ಟರು.

"ಬಸ್ಸು ಸಿಗ್ತದಾ, ಬಿಟ್ಟು ಬರ್ಲಾ?" ಎಂದರು.

"ಸಿಗುತ್ತೆ ಅಪ್ಪ."

ಯಲಹಂಕ ದಾಟಿದ ಮೇಲೆ ಬಸ್ಸಿನಲ್ಲಿ ಸೀಟು ಸಿಕ್ಕಿತು. ಕವರು ಅಂಟಿಸಿರಲಿಲ್ಲ. ಮಂಜು ತೆಗೆದು ಓದಿದಳು. ಬಾಡಿಗೆ ಕರಾರು ಬರೆದು ಬರೆದು ರೂಢಿಯಾದ ಕೈ, ಇದನ್ನೂ ಹಾಗೆಯೇ ಬರೆದಿತ್ತು.

'ಕೊಡಿಗೇಹಳ್ಳಿ ವಾಸಿ, ಲೇಟ್ ಮುನಿಗಂಗಪ್ಪನವರ ಮಗ ನರಸಿಂಹಯ್ಯ ಆದ ನಾನು ಬರೆದುಕೊಡುವುದೇನೆಂದರೆ, ನನ್ನ ಹೆಸರಿನಲ್ಲಿ ಹನ್ನೊಂದು ಮನೆಗಳು ಇರುವುದು ನಿಜ. ಅವುಗಳಲ್ಲಿ ನನ್ನ ಮಗಳು ಮಂಜುಶ್ರೀಗೆ ಪ್ರತ್ಯೇಕ ಕೋಣೆ ಇಲ್ಲದಿರುವುದೂ ನಿಜ. ಕೇಳಿಕೊಂಡು ಬಂದವರಿಗೆಲ್ಲ ಕೊಟ್ಟೆನು. ಇವಳು ಕೇಳಲಿಲ್ಲ, ಆದ್ದರಿಂದ ಕೊಡಲಿಲ್ಲ. ಇದುವರೆಗೆ ನಾನು ಯಾರ ಮನೆ ಬಾಗಿಲಿಗೂ ಹೋಗಿ ಮನೆ ಕೇಳಿದವನಲ್ಲ. ಈಗ ಅವಳ ಪರವಾಗಿ ನಾನು ಕೇಳುತ್ತಿದ್ದೇನೆ. ದಯವಿಟ್ಟು ಒಂದು ಕೋಣೆ ಕೊಡಿ.'

ಮಂಜು ಬಸ್ಸಿನಲ್ಲಿ ಜನರಿದ್ದಾರೆ ಎಂಬುದನ್ನೂ ನೋಡದೆ ಅತ್ತಳು. ಪಕ್ಕದಲ್ಲಿ ಕೂತಿದ್ದ ಹೆಂಗಸು ಏನಮ್ಮ ಎಂದು ಭುಜ ಮುಟ್ಟಿದರು. "ಏನಿಲ್ಲ ಆಂಟಿ, ಒಳ್ಳೇದೇ," ಎಂದಳು.

ಆಶಾರಾಣಿ ಮೇಡಂ ಹಾಳೆಯನ್ನು ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು.

"ನಮಗೆ ಬೇಕಾಗಿದ್ದು ಮೊದಲ ಎರಡು ಸಾಲು ಮಾತ್ರ," ಎಂದರು. "ಮಿಕ್ಕಿದ್ದು ಕಮಿಟಿ ಮುಂದೆ ಹೋಗೋದು ಬೇಡ ಅಂದ್ರೆ ಅಪ್ಪನ ಕೈಲಿ ಬೇರೆ ಹಾಳೇಲಿ ಬರೆಸಿ ತರ್ತೀಯಾ? ಮಧ್ಯಾಹ್ನದವರೆಗೂ ಟೈಮ್ ಇದೆ."

"ಬೇಡ ಮೇಡಂ. ಅಪ್ಪ ಬರೆದಿರೋದು ಹಾಗೇ ಇರ್ಲಿ."

ಮೇಡಂ ತಲೆಯಾಡಿಸಿ ಹಾಳೆಯನ್ನು ಫೈಲಿಗೆ ಸೇರಿಸಿದರು. ಮಧ್ಯಾಹ್ನ ಮೂರಕ್ಕೆ ಲಿಸ್ಟು ಬಂತು. ಬಿ ಬ್ಲಾಕು, ಎರಡನೇ ಮಹಡಿ, ಮೂವರ ರೂಮಿನಲ್ಲಿ ಬಾಗಿಲ ಪಕ್ಕದ ಮಂಚ. ಮಂಚದ ಆಚೆ ಬದಿಗೆ, ನಾಲ್ಕು ಅಡಿಯ ಬೋರ್ಡು ಹಿಡಿಸುವ ಒಂದು ಟೇಬಲ್ಲು. ಮಂಜು ರೂಮಿಗೆ ಹೋಗಿ ಅದರ ಮೇಲೆ ಅಂಗೈ ಊರಿ ನೋಡಿದಳು, ಆಮೇಲೆ ಮನೆಗೆ ಫೋನ್ ಮಾಡಿದಳು.

"ಸಿಕ್ತು ಅಪ್ಪ."

ಆ ಕಡೆ ನರಸಿಂಹಯ್ಯ ಒಂದು ಉಸಿರು ಬಿಟ್ಟದ್ದು ಕೇಳಿಸಿತು. "ಆ ಮೇಡಂಗೆ ಥ್ಯಾಂಕ್ಸ್ ಹೇಳ್ದಾ ಮಗಾ?"

"ಅವ್ರಿಗೆ ಹೇಳ್ದೆ," ಎಂದಳು ಮಂಜು. "ನಿಂಗೆ ಹೇಳೋಣ ಅಂತ ಫೋನ್ ಮಾಡ್ದೆ."